ಒಂದೇ ಕಿವಿಗೆ ಒಂದೇ ಚಾನೆಲ್

ಕುಕ್ಕರಿನ ತಲೆಯ ಮೇಲಿನ ಗುಂಡು ನಡುಗುತ್ತಿದೆ, ಅಂದರೆ ಕೂಗುತ್ತಿದೆ, ನನಗೆ ಕಾಣುವುದು ಆವಿ ಮಾತ್ರ, ಕಿಟಕಿಯ ಸರಳಿನವರೆಗೆ ಏರಿ ಅಲ್ಲಿ ಹರಿದುಹೋಗುವ ಬಿಳಿ ಆವಿ, ಅವ್ವ ಒಲೆಯ ಮುಂದೆ ನಿಂತಿದ್ದಾಳೆ, ಬೆನ್ನು ನನ್ನ ಕಡೆಗೆ, ಬೇಕೆಂದೇ ಬೆನ್ನು, ಅಡುಗೆಮನೆಯಿಂದ ಈ ಮೇಜು ನೇರವಾಗಿ ಕಾಣುತ್ತದೆ, ಮೇಜಿನ ಮೇಲಿರುವುದು ಕಣ್ಣಿಗೆ ಬೀಳಬಾರದು ಅಂತ ಬೆನ್ನು — ನಿಂತುಕೋ ಅವ್ವ, ಹಾಗೇ ನಿಂತುಕೋ, ಬಾ ನೋಡು ಅಂತ ನಾನೇನೂ ಕರೆಯುವುದಿಲ್ಲ. ಅಲ್ಯೂಮಿನಿಯಂ ಪೆಟ್ಟಿಗೆ, ನಾನೇ ಕಟ್ಟಿದ ಆಂಪ್ಲಿಫೈಯರ್, ಅದರ ನೆತ್ತಿಯ ಮೇಲೆ ಎರಡು ಟ್ರಾನ್ಸ್‌ಫಾರ್ಮರ್, ಮುಂದುಗಡೆ ಎರಡೇ ಎರಡು ಗಾಜಿನ ವಾಲ್ವು, ಹಳೆಯ ರೇಡಿಯೋದಲ್ಲಿರುವಂಥವು, ಒಂದು ನನ್ನ ಹೆಬ್ಬೆರಳಿನಷ್ಟಿದೆ, ಇನ್ನೊಂದು ಅದಕ್ಕಿಂತ ತುಸು ಎತ್ತರ, ಎರಡೂ ತಣ್ಣಗಿವೆ, ನನ್ನ ಪೆಟ್ಟಿಗೆಯೊಳಗೆ ಕುಳಿತು ಇನ್ನೂ ಕರೆಂಟು ಕಂಡಿಲ್ಲ. ಮೇಜು ನಡುಗಿತು, ಫೋನು, ಸದಾಶಿವಪ್ಪ ಮೇಷ್ಟ್ರ ಮೆಸೇಜು, ಯಳಂದೂರ್ಲಿ ಮದುವೆ ಊಟ ತಡವಾಗ್ತದ, ಸಾಯಂಕಾಲ ಬತ್ತೀನಿ, ನಾನು ಬರಗಂಟ ಸ್ವಿಚ್ ಹಾಕ್ಬೇಡಿ ಯಶೋದಮ್ಮ ಅಂತ. ಐಟಿಐನಲ್ಲಿ ಎಲೆಕ್ಟ್ರಾನಿಕ್ಸ್ ಹೇಳಿಕೊಟ್ಟು ನಿವೃತ್ತರಾದವರು, ಒಳ್ಳೆಯವರು, ನಿನ್ನೆ ಇದೇ ಕುರ್ಚಿಯಲ್ಲಿ ಕುಳಿತು ಒಂದೊಂದು ಬೆಸುಗೆಯನ್ನೂ ಕಡ್ಡಿಯಿಂದ ಅಲ್ಲಾಡಿಸಿ ನೋಡಿ ಸರ್ಯಾಗಿ ಅದ ಅಂದವರು, ಆದರೂ ಇವತ್ತು ತಾವು ಪಕ್ಕದಲ್ಲಿರಬೇಕು ಅಂತ ಆಸೆ. ಇಲ್ಲ ಮೇಷ್ಟ್ರೆ. ಸಂಜೆ ತನಕ ಕಾಯುವವಳಾಗಿದ್ದರೆ ನಾನು ಇಲ್ಲಿಯವರೆಗೆ ಬರುತ್ತಲೇ ಇರಲಿಲ್ಲ, ನೀವು ಹೇಳಿದ ಆ ಅಂಗೈಯಗಲದ ಕಿಟ್ಟು ತರಿಸಿಕೊಂಡು, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಮೂಲೆಯಲ್ಲಿ ಕುಳಿತಿರುತ್ತಿದ್ದೆ.

ಕಿವಿಗೆ — ಯಾವ ಕಿವಿಗೆ, ಎಡಗಿವಿ ಸತ್ತಿದೆ, ಬಲಗಿವಿಯಲ್ಲಿ ದಪ್ಪ ದನಿಗಳು ಉಳಿದಿವೆ, ತೆಳುವಾದದ್ದೆಲ್ಲ ಹೋಯಿತು, ಮೈಸೂರಿನ ಡಾಕ್ಟರಮ್ಮ ಗೆರೆ ಎಳೆದ ಕಾಗದ ತಿರುಗಿಸಿ ತೋರಿಸಿದ್ದರು, ಗೆರೆ ಸ್ವಲ್ಪ ದೂರ ನೆಟ್ಟಗೆ ಹೋಗಿ ಆಮೇಲೆ ಬಾವಿಗೆ ಬಿದ್ದ ಹಾಗೆ ಇಳಿದಿತ್ತು, ನೀವು ಎಲ್ಲಿ ಕೆಲಸ ಮಾಡ್ತಿದ್ರಿ ಅಂತ ಬರೆದು ಕೇಳಿದರು, ಕೊಳ್ಳೇಗಾಲದಲ್ಲಿ ರೇಷ್ಮೆ ಹುರಿ ಫ್ಯಾಕ್ಟರಿ ಅಂದೆ, ಅವರು ತಲೆಯಾಡಿಸಿದರು. ಮದುವೆಗೆ ಮುಂಚೆ ಸೇರಿದವಳು, ಗಂಡ ಬಿಟ್ಟುಹೋದ ಮೇಲೂ ಅಲ್ಲೇ, ಸಾವಿರಾರು ಕದಿರು ಒಂದೇ ಚಾವಣಿಯ ಕೆಳಗೆ ತಿರುಗುವ ಸದ್ದು, ಸದ್ದು ಅಂತ ಕರೆಯುವುದಕ್ಕೂ ಆಗದು, ಅದೊಂದು ಗೋಡೆ, ಅದರೊಳಗೆ ನಾವು ಹೆಂಗಸರು ತುಟಿ ನೋಡಿ ಮಾತಾಡುತ್ತಿದ್ದೆವು, ನಗುತ್ತಿದ್ದೆವು, ಮೇಸ್ತ್ರಿಯನ್ನು ಅವನ ಎದುರಿಗೇ ಬೈಯುತ್ತಿದ್ದೆವು, ಅವನಿಗೆ ತುಟಿ ಓದಲು ಬಾರದು. ಹೊರಗೆ ಬಂದರೆ ಕಿವಿಯಲ್ಲಿ ಜೀರುಂಡೆ, ಬೆಳಗಾದರೆ ನಿಲ್ಲುತ್ತಿತ್ತು, ಆಮೇಲೆ ಬೆಳಗಾದರೂ ನಿಲ್ಲಲಿಲ್ಲ. ಸಕಾರ ಹೋಯಿತು, ಶಕಾರ ಹೋಯಿತು, ಚಕಾರ ಹೋಯಿತು, ಸಾರು ಅಂದರೆ ಆರು, ಚಾಪೆ ಅಂದರೆ ಆಪೆ, ನಮ್ಮ ಕಡೆಯವರು ಹಕಾರವನ್ನು ತಾವೇ ನುಂಗಿಕೊಳ್ಳುತ್ತಾರೆ, ಉಳಿದದ್ದನ್ನು ನನ್ನ ಕಿವಿ ನುಂಗುತ್ತದೆ, ಇನ್ನು ಮಾತಿನಲ್ಲಿ ಉಳಿಯುವುದೇನು. ಕಿವಿಗೆ ಹಾಕುವ ಮಿಷನ್ನು ಕೊಟ್ಟರು, ರಸ್ತೆಗೆ ಹೋಗುವಾಗ ಹಾಕುತ್ತೇನೆ, ಲಾರಿ ಬಂದರೆ ಗೊತ್ತಾಗಬೇಕಲ್ಲ, ಮನೆಯೊಳಗೆ ಆಗುವುದಿಲ್ಲ, ಅವ್ವ ಸ್ಟೀಲ್ ತಟ್ಟೆ ಇಟ್ಟರೆ ಸೂಜಿ ಚುಚ್ಚಿದ ಹಾಗೆ, ತಲೆಯೊಳಗೆ ಗಾಜು ಒಡೆದ ಹಾಗೆ. ಮನೆಯೊಳಗೆ ತುಟಿ ಸಾಕಾಗಿತ್ತು, ಅವ್ವನ ತುಟಿ ನನಗೆ ಬಾಯಿಪಾಠ, ಎಲ್ಲಿಯ ತನಕ ಅಂದರೆ ಅವ್ವನ ಹಲ್ಲುಗಳಿರುವ ತನಕ, ಒಂದೊಂದಾಗಿ ಎಲ್ಲ ಹೋದವು, ತುಟಿ ಒಳಗೆ ಸೇರಿತು, ಕಟ್ಟಿಸಿಕೋ ಅಂದರೆ ಯಾರ್ನ ಕಡಿಯಾಕ ಕಣೆ ನಂಗ ಅಲ್ಲು ಅಂದಳು, ಅದೇ ಬಹುಶಃ ನಾನು ಅವಳ ತುಟಿಯಿಂದ ಪೂರ್ತಿ ಓದಿದ ಕೊನೆಯ ಮಾತು. ಬರೆದು ತೋರಿಸಲು ಅವಳಿಗೆ ಅಕ್ಷರ ಬಾರದು, ಈಗ ಅವಳು ಮಾತಾಡಿದರೆ ಒಂದು ಗುಳಿ ಮುಚ್ಚಿ ತೆರೆಯುತ್ತದೆ, ಅಷ್ಟೇ ಕಾಣುವುದು, ಅದರೊಳಗಿಂದ ಒಂದು ಗೊಗ್ಗರು ದನಿ ಬರುತ್ತದೆ, ಅವಳು ನನ್ನ ಮುಖ ನೋಡುತ್ತಾಳೆ, ನಾನು ಹೂಂ ಅನ್ನುತ್ತೇನೆ, ಹೂಂ ಅನ್ನಬಾರದಾಗಿತ್ತು ಅಂತ ಅವಳ ಹುಬ್ಬಿನಿಂದ ತಿಳಿಯುತ್ತದೆ, ಒಂದೇ ಸೂರಿನ ಕೆಳಗೆ ಹೀಗೆ ಇಬ್ಬರು ಹೆಂಗಸರು, ಒಬ್ಬಳು ಹೇಳಲಾರಳು, ಇನ್ನೊಬ್ಬಳು ಕೇಳಲಾರಳು.

ಹನೂರಿಗೆ ಹೋಗದಿದ್ದರೆ ಹೀಗೇ ಇದ್ದುಬಿಡುತ್ತಿದ್ದೆನೇನೋ. ಚಿಕ್ಕಮಾದಮ್ಮ ಕರೆದಿದ್ದಳು, ಫ್ಯಾಕ್ಟರಿಯಲ್ಲಿ ನನ್ನ ಪಕ್ಕದ ಸಾಲಿನಲ್ಲಿ ಹುರಿ ನೋಡಿಕೊಳ್ಳುತ್ತಿದ್ದವಳು, ಅವಳ ಮಗಳ ಬಸುರಿನ ಊಟಕ್ಕೆ, ಮನೆ ತುಂಬ ಜನ, ನಾನು ಯಥಾಪ್ರಕಾರ ಗೋಡೆಗೆ ಒರಗಿ ನಗುತ್ತ ಕುಳಿತಿದ್ದೆ, ಕೇಳದವರೆಲ್ಲ ಹಾಗೆ ಸುಮ್ಮನೆ ನಗುತ್ತಾರೆ, ಆ ನಗು ನನಗೆ ಎಷ್ಟು ಅಸಹ್ಯ ಅಂದರೆ ಕನ್ನಡಿಯಲ್ಲಿ ನೋಡಿ ಅದನ್ನು ಅಳಿಸುವುದನ್ನು ಅಭ್ಯಾಸ ಮಾಡಿದ್ದೇನೆ. ಮೂಲೆಯಲ್ಲಿ ಅವಳ ಮಾವನ ಕಾಲದ ದೊಡ್ಡ ಮರದ ರೇಡಿಯೋ, ಬೀರುವಿನಷ್ಟು ಅಗಲ, ಅವಳ ಮೈದುನ ಅದಕ್ಕೆ ಫೋನಿನ ತಂತಿ ಚುಚ್ಚಿ ಹಾಡು ಹಾಕುತ್ತಿದ್ದ, ಹಾಡು ಮುಗಿದಾಗ ಯಾರದೋ ವಾಯ್ಸ್ ಮೆಸೇಜು ಬಂದು ಅದೂ ಆ ರೇಡಿಯೋದಿಂದಲೇ ಹೊರಟಿತು — ಚಿಕ್ಕವ್ವೋ, ಬಸ್ಸು ಕೌದಳ್ಳಿ ಬುಟ್ಟದ, ಅವರೇಕಾಯಿ ಸುಲಿಯಾಕ ನಂಗೂ ವಸಿ ಉಳಿಸಿರು, ಒಬ್ಳೇ ಎಲ್ಲಾನೂ ಮಾಡ್ಕಬ್ಯಾಡ. ನಾನು ಗೋಡೆಯಿಂದ ಬೆನ್ನು ಎತ್ತಿದೆ. ಕೇಳಿಸಿತ್ತು. ತುಟಿ ಇರಲಿಲ್ಲ, ಮುಖ ಇರಲಿಲ್ಲ, ಬರಿಯ ದನಿ, ಆದರೂ ಅವರೇಕಾಯಿ ಅಂತ ಕೇಳಿಸಿತ್ತು, ಬಸ್ಸು ಅನ್ನುವುದನ್ನು ಊಹಿಸಿಕೊಂಡಿರಬಹುದು, ಇರಲಿ, ಆದರೆ ಚುಚ್ಚಲಿಲ್ಲ, ಒಡೆಯಲಿಲ್ಲ, ಆ ದನಿ ಕುಳಿತಿದ್ದ ಚಾಪೆಯಿಂದ ಹತ್ತಿ, ಎದೆಮೂಳೆಯಿಂದ ಹತ್ತಿ ಬಂದ ಹಾಗಿತ್ತು. ಚಿಕ್ಕಮಾದಮ್ಮನ ಕೈ ಹಿಡಿದು ಇನ್ನೊಂದು ಸಲ ಹಾಕಿಸು ಅಂದೆ, ಅವಳು ಹಾಕಿಸಿದಳು, ಮೂರನೇ ಸಲಕ್ಕೆ ಮೈದುನ ನನ್ನ ಮುಖ ನೋಡಿ ಹಲ್ಲು ಕಿಸಿದ, ಕಿಸಿಯಲಿ, ಹಿಂದುಗಡೆ ಹೋಗಿ ಮರದ ತೂತಿನಿಂದ ಇಣುಕಿದೆ, ಒಳಗೆ ವಾಲ್ವುಗಳು ಕೆಂಡದ ಚೂರಿನ ಹಾಗೆ ಉರಿಯುತ್ತಿದ್ದವು. ನನಗೆ ಅವು ಗೊತ್ತು. ಅಪ್ಪನ ಮೈಕ್‌ಸೆಟ್ಟಿನಲ್ಲಿ ಇದ್ದವೂ ಅವೇ ಜಾತಿಯವು.

ಕೊಳ್ಳೇಗಾಲಕ್ಕೆ ವಾಪಸು ಬರುವ ಬಸ್ಸಿನಲ್ಲೇ ತೀರ್ಮಾನ ಆಗಿಹೋಗಿತ್ತು, ಕಟ್ಟುತ್ತೇನೆ, ನಾನೇ ಕಟ್ಟುತ್ತೇನೆ, ಕಟ್ಟಿ ಅವ್ವನ ಕೈಗೆ ಒಂದು ಮೈಕು ಕೊಡುತ್ತೇನೆ. ಆದರೆ ಯಾವುದನ್ನು ಕಟ್ಟುವುದು, ಅದು ಮಾತ್ರ ಬಸ್ಸಿನಲ್ಲಿ ಆಗುವ ತೀರ್ಮಾನವಲ್ಲ. ಫೋನಿನಲ್ಲಿ ಹುಡುಕಿದರೆ ಊರಿಗೊಬ್ಬ ಬುದ್ಧಿವಂತ, ಎಲ್ಲರದೂ ಒಂದೇ ಮಾತು, ಮೊದಲ ಸಲ ಕಟ್ಟುವವರು ಹೆಡ್‌ಫೋನಿನದನ್ನು ಕಟ್ಟಿ, ಕಡಿಮೆ ವೋಲ್ಟೇಜು, ಕೈ ತಾಗಿದರೂ ಏನಾಗದು. ಸದಾಶಿವಪ್ಪ ಮೇಷ್ಟ್ರೂ ಮೂರು ಸರ್ಕ್ಯೂಟು ಚಿತ್ರ ತಂದು ಅದನ್ನೇ ಬರೆದು ತೋರಿಸಿದರು, ನನ್ನ ಜೊತೆ ಮಾತಾಡಲು ಅವರು ಒಂದು ಸ್ಲೇಟು ಇಟ್ಟುಕೊಂಡಿದ್ದಾರೆ, ಚಿಕ್ಕುದ್ರಿಂದ ಶುರು ಮಾಡವ್ವ ಅಂತ ಬರೆದರು. ನಾನು ಹೆಡ್‌ಫೋನು ಹಾಕಿಕೊಂಡರೆ ಏನು ಕೇಳುತ್ತದೆ ಮೇಷ್ಟ್ರೆ, ಒಂದು ಕಡೆ ಗೋಡೆ, ಇನ್ನೊಂದು ಕಡೆ ಜೀರುಂಡೆ, ನನಗೆ ನೆಲದಿಂದ ಬರಬೇಕು, ಎದೆಗೆ ಬರಬೇಕು ಅಂದೆ. ಅವರು ಅಳಿಸಿ ಮತ್ತೆ ಬರೆದರು, ಅನೂರ್ಲಿ ನಿಮಗ ಕೇಳಿಸ್ದುದ್ದು ವಾಲ್ವಿಂದ ಅಲ್ಲ, ಆ ದೊಡ್ಡ ಸ್ಪೀಕರ್‌ನಿಂದ, ಮರದ ಪೆಟ್ಟಿಗೆಯಿಂದ. ಇರಬಹುದು, ಅವರು ಹೇಳುವುದರಲ್ಲಿ ಸತ್ಯವಿದೆ ಅಂತ ನನಗೂ ಅನ್ನಿಸಿತು, ಆದರೆ ನನಗೆ ಕೇಳಿಸಿದ್ದು ಆ ಇಡೀ ಬೀರು, ಅದರೊಳಗಿನ ಯಾವ ಮೂಳೆ ಬೇಕು ಯಾವ ಮೂಳೆ ಬೇಡ ಅಂತ ಬಿಡಿಸಿ ನೋಡಲು ನಾನು ಹೋಗುವುದಿಲ್ಲ, ಸ್ಪೀಕರೂ ಇರಲಿ ಪೆಟ್ಟಿಗೆಯೂ ಇರಲಿ ವಾಲ್ವೂ ಇರಲಿ. ಅವರು ನಕ್ಕರು, ಹಾಗಾದ್ರೆ ದೊಡ್ಡುದ್ನೇ ಮಾಡಿ ಅಂತ ಎರಡನೆಯ ಚಿತ್ರ ತೆಗೆದರು, ನಾಲ್ಕು ದಪ್ಪ ವಾಲ್ವುಗಳದ್ದು, ಎರಡೆರಡು ಜೋಡಿ ಒಂದು ತಳ್ಳಿದರೆ ಇನ್ನೊಂದು ಎಳೆಯುವಂಥದ್ದು, ಕಲ್ಯಾಣಮಂಟಪ ತುಂಬುವಷ್ಟು ಸದ್ದು, ಅಪ್ಪನದೂ ಅಂಥದೇ. ನನ್ನ ಕೈ ತಾನಾಗಿ ಆ ಕಾಗದದ ಮೇಲೆ ಹೋಯಿತು. ಹೋಗಿ, ಅಲ್ಲಿಂದ ಹಿಂದಕ್ಕೆ ಬಂತು.

ಅಪ್ಪ, ಗುರುಮಲ್ಲಪ್ಪ, ಮಾಂಬಳ್ಳಿಯ ಮೈಕ್‌ಸೆಟ್ ಗುರುಮಲ್ಲಪ್ಪ ಅಂದರೆ ಸುತ್ತಲಿನವರಿಗೆಲ್ಲ ಗೊತ್ತಿತ್ತು, ಎತ್ತಿನ ಗಾಡಿಯಲ್ಲಿ ಲೌಡ್‌ಸ್ಪೀಕರಿನ ಹಾರ್ನು ಕಟ್ಟಿಕೊಂಡು ಹೋಗುತ್ತಿದ್ದ, ಆಮೇಲೆ ಟೆಂಪೋ ಬಂತು, ನನ್ನನ್ನು ಪೆಟ್ಟಿಗೆಯ ಹತ್ತಿರ ಕೂರಿಸುತ್ತಿದ್ದ ಆದರೆ ಮುಟ್ಟಲು ಬಿಡುತ್ತಿರಲಿಲ್ಲ, ಎಣ್ಮಕ್ಳಿಗ್ಯಾಕ ಈ ಕೆಲ್ಸ ಅನ್ನುತ್ತಿದ್ದ, ಕೋಪದಿಂದಲ್ಲ, ಮಳೆ ಬರ್ತದೆ ಅನ್ನುವಷ್ಟು ಸಲೀಸಾಗಿ. ಅಗರದ ಮದುವೆಯಲ್ಲಿ ನಾನೂ ಇದ್ದೆ, ಧಾರೆಯ ಹೊತ್ತಿಗೆ ಸರಿಯಾಗಿ ಸೆಟ್ಟು ನಿಂತುಹೋಯಿತು, ಎಲ್ಲರೂ ಅಪ್ಪನ ಕಡೆ ತಿರುಗಿದರು, ಅವನು ಪ್ಲಗ್ಗು ಕಿತ್ತ, ಕಿತ್ತದ್ದನ್ನು ನಾನು ನೋಡಿದ್ದೇನೆ, ಪೆಟ್ಟಿಗೆ ಬೋರಲು ಹಾಕಿ ತಳ ಬಿಚ್ಚಿದ, ಕೈ ಹಾಕಿದ, ಪ್ಲಗ್ಗು ಕಿತ್ತ ಮೇಲೂ ಕೆಪಾಸಿಟರಿನ ಹೊಟ್ಟೆಯಲ್ಲಿ ಕರೆಂಟು ಉಳಿದಿರುತ್ತದೆ, ಅದನ್ನು ಮೊದಲು ಇಳಿಸಬೇಕು, ದಿನವೂ ಇಳಿಸುತ್ತಿದ್ದವನು ಆವತ್ತು ಜನರ ಕಣ್ಣಿಗೆ ಅಂಜಿ ಇಳಿಸಲಿಲ್ಲ. ಒದ್ದ ಹಾಗೆ ಹಿಂದಕ್ಕೆ ಹೋದ, ಚಪ್ಪರದ ಕಬ್ಬಿಣದ ಕಂಬಕ್ಕೆ ಕೈ ಹೊಡೆಯಿತು, ಮಣಿಕಟ್ಟು ಮೂರು ಚೂರು, ಕೂಡಿಸಿದರೂ ಬೆರಳು ಮಡಚಲಿಲ್ಲ, ಬದುಕಿದ, ಆಮೇಲೆ ಬಹಳ ವರ್ಷ ಬದುಕಿದ, ಆದರೆ ಅನ್ನ ಕಲಸಿ ಬಾಯಿಗಿಟ್ಟವಳು ಅವ್ವ, ಅಂಗಿಯ ಗುಂಡಿ ಹಾಕಿದವಳು ಅವ್ವ, ಸೆಟ್ಟು ಮಾರಿ ಹೋದ ದಿನ ಆ ಜಾಗಕ್ಕೆ ಸಗಣಿ ಸಾರಿಸಿದವಳು ಅವ್ವ. ಅದಕ್ಕೇ ನನ್ನ ಟ್ರಾನ್ಸ್‌ಫಾರ್ಮರ್ ಬೆಂಗಳೂರಿನಿಂದ ಬಂದು ಇದೇ ಮೇಜಿನ ಮೇಲೆ ಕುಳಿತಾಗ ಅವಳು ಬಾಗಿಲಲ್ಲೇ ನಿಂತಳು, ಬಾಯಿಯ ಗುಳಿ ತೆರೆಯಿತು ಮುಚ್ಚಿತು, ನನಗೆ ಅರ್ಥವಾಗಲಿಲ್ಲ ಅಂತ ಕಂಡು ಪಕ್ಕದ ಮನೆಯ ಮಂಗಳಳನ್ನು ಕರೆತಂದು ಅವಳ ಬಾಯಿಂದ ಹೇಳಿಸಿದಳು, ಮಂಗಳಳ ಹಲ್ಲು ನೆಟ್ಟಗಿವೆ, ಒಂದೊಂದು ಮಾತೂ ಕಂಡಿತು — ಅದು ನಿಮ್ಮಪ್ಪನ ಕೈ ತಿಂದದ, ನಿನ್ನ ಕೈನೂ ತಿನ್ನುಸ್ತಿಯಾ, ಇದು ಮನಲಿ ಇದ್ರ ನಾನು ನಿಂಜೊತ ಮಾತಾಡಲ್ಲ, ಅಂತ ಅವ್ವ ಏಳ್ತಾವ್ರೆ ಅಕ್ಕ. ಅವತ್ತಿನಿಂದ ಮಾತು ಬಿಟ್ಟಳು. ಬಿಟ್ಟದ್ದು ನನಗೆ ಗೊತ್ತಾಗಬೇಕಲ್ಲ, ಬಾಯಿ ಆಡದಿರುವುದನ್ನು ನೋಡಿ ನೋಡಿ ಗೊತ್ತುಮಾಡಿಕೊಳ್ಳಬೇಕಾಯಿತು, ಆಗ ನನಗೆ ನಗು ಬಂತು, ಅವಳಿಗೆ ಇನ್ನಷ್ಟು ಸಿಟ್ಟು ಬಂತು. ನಿನ್ನ ದನಿಗಾಗಿಯೇ ಕಟ್ಟುತ್ತಿರುವುದು ಅವ್ವ ಅಂತ ಒಂದು ಮಾತು ಅಂದಿದ್ದರೆ ಮುಗಿಯುತ್ತಿತ್ತು, ಅನ್ನಲಿಲ್ಲ, ಅಂದರೆ ಅವಳು ಅತ್ತು ಒಪ್ಪಿಬಿಡುತ್ತಾಳೆ, ಕಿವುಡಿ ಮಗಳಿಗೆ ಕೊಟ್ಟ ಒಪ್ಪಿಗೆ, ಪಾಪ ಅಂತ ಕೊಟ್ಟ ಒಪ್ಪಿಗೆ, ಅಂಥ ಪಾಪವನ್ನು ಬಸ್ಸಿನ ಕಂಡಕ್ಟರಿನಿಂದ ಹಿಡಿದು ಎಲ್ಲರೂ ಕೊಡುತ್ತಾರೆ, ಮನೆಯೊಳಗೂ ನನಗೆ ಅದು ಬೇಡ. ಕಟ್ಟುತ್ತೇನೆ, ಕೈ ಉಳಿಸಿಕೊಂಡೇ ಕಟ್ಟುತ್ತೇನೆ, ನೋಡಲಿ.

ಆಮೇಲೆ ನನಗೆ ಹೊಳೆದದ್ದು, ಮಧುವನಹಳ್ಳಿಯ ಬಡಗಿಯ ಹತ್ತಿರ ಸ್ಪೀಕರಿನ ಪೆಟ್ಟಿಗೆಗೆ ಅಳತೆ ಕೊಡುತ್ತ ನಿಂತಿದ್ದೆ, ಅವನು ಎರಡು ಬೆರಳು ಎತ್ತಿ ತೋರಿಸಿದ, ಎರಡು ಪೆಟ್ಟಿಗೇನಾ ಅಂತ, ಎಲ್ಲರ ಮನೆಯಲ್ಲೂ ಎರಡಲ್ಲವೇ, ಎಡಕ್ಕೊಂದು ಬಲಕ್ಕೊಂದು, ನಾನು ಹೂಂ ಅನ್ನಲು ಬಾಯಿ ತೆರೆದು ಹಾಗೇ ನಿಂತೆ — ಎಡಕ್ಕೊಂದು ಯಾರಿಗೆ. ನನಗೆ ಎಡವೇ ಇಲ್ಲ. ಇಷ್ಟು ದಿನ ನಾನು ನೋಡಿದ ಚಿತ್ರಗಳೆಲ್ಲ ಎರಡು ಕಿವಿಯವರು ಎರಡು ಕಿವಿಯವರಿಗೆ ಬರೆದದ್ದು, ಮೇಷ್ಟ್ರು ಕೊಟ್ಟದ್ದೂ ಅದೇ, ನಾನೂ ತಲೆ ಬಗ್ಗಿಸಿ ಅದನ್ನೇ ಕಲಿಯುತ್ತಿದ್ದೆ. ಒಂದು ಅಂದೆ ಬಡಗಿಗೆ. ಅವನು ಮತ್ತೆ ಎರಡು ಬೆರಳು ಎತ್ತಿದ. ಒಂದು, ಒಂದೇ, ಒಂದು ಸಾಕು. ಮನೆಗೆ ಬಂದು ಮೇಷ್ಟ್ರ ಮೂರನೆಯ ಚಿತ್ರ ಹರವಿದೆ, ಎಲ್ಲಕ್ಕಿಂತ ಸಾದಾ ಇದ್ದದ್ದು, ಒಂದೊಂದು ಕಡೆಗೆ ಒಂದೊಂದೇ ಪವರ್ ವಾಲ್ವು, ಮುಂದುಗಡೆಯ ಸಣ್ಣ ವಾಲ್ವಿನೊಳಗೆ ಎರಡು ಭಾಗ, ಒಂದು ಭಾಗ ಎಡಕ್ಕೆ ಇನ್ನೊಂದು ಬಲಕ್ಕೆ ದುಡಿಯುತ್ತದೆ. ಎಡವನ್ನು ಪೂರ್ತಿ ಅಡ್ಡಗೆರೆ ಹಾಕಿ ಹೊಡೆದುಹಾಕಿದೆ. ಆಗ ಆ ಸಣ್ಣ ವಾಲ್ವಿನ ಅರ್ಧ ಭಾಗ ಕೆಲಸವಿಲ್ಲದೆ ಉಳಿಯಿತು, ಅದನ್ನು ಇನ್ನರ್ಧದ ಬೆನ್ನಿಗೆ ಕಟ್ಟಿದರೆ, ಒಬ್ಬರ ಹೆಗಲ ಮೇಲೆ ಒಬ್ಬರು ನಿಂತ ಹಾಗೆ, ಮೈಕಿನಿಂದ ಬರುವ ಇರುವೆಯಂಥ ದನಿಯೂ ಏರಿ ಬರುತ್ತದೆ. ಹಾಡಿಗೆ ಅಂತ ಬರೆದ ಚಿತ್ರದಲ್ಲಿ ಮೈಕಿಗೆ ಜಾಗವೇ ಇರಲಿಲ್ಲ, ನನ್ನ ಸತ್ತ ಕಿವಿ ಆ ಜಾಗ ಬಿಟ್ಟುಕೊಟ್ಟಿತು. ಮೇಷ್ಟ್ರಿಗೆ ತೋರಿಸಿದೆ, ಅವರು ಬಹಳ ಹೊತ್ತು ನೋಡಿ ಸ್ಲೇಟಿನಲ್ಲಿ ಬರೆದರು, ಸ್ಟೀರಿಯೋ ಇಲ್ದೆ ಯಾರವ್ವ ಈಗ ಆಂಪ್ಲಿಫೈಯರ್ ಮಾಡ್ತಾರೆ. ನಾನು ಮಾಡ್ತೀನಿ ಅಂದೆ. ಸುಮ್ಮನೆ ಹೇಳಿದೆನೋ ಕೂಗಿದೆನೋ, ನನ್ನ ದನಿ ನನಗೆ ತಿಳಿಯದು, ಅವರು ಸ್ವಲ್ಪ ಹಿಂದಕ್ಕೆ ವಾಲಿದ್ದನ್ನು ನೋಡಿದರೆ ಕೂಗಿರಬೇಕು. ಆಮೇಲೆ ಅವರೇ ಆ ಚಿತ್ರವನ್ನು ಎಳೆದುಕೊಂಡು ಒಂದು ರೆಸಿಸ್ಟರನ್ನು ಕೆಂಪು ಶಾಯಿಯಲ್ಲಿ ಸೇರಿಸಿದರು, ಕೆಪಾಸಿಟರಿಗೆ ಅಡ್ಡಲಾಗಿ, ಸ್ವಿಚ್ಚು ಆರಿಸಿದರೆ ಹೊಟ್ಟೆಯ ಕರೆಂಟು ತಾನಾಗಿ ಇಳಿದುಹೋಗಲಿ ಅಂತ, ಆದ್ರೂ ಮೀಟರ್ ಇಟ್ಟು ನೋಡ್ದೆ ಕೈ ಆಕ್ಬ್ಯಾಡಿ, ಒಂದು ಕೈ ಬೆನ್ನಿಂದೆ ಕಟ್ಕಳಿ ಅಂತ ಬರೆದರು. ಅಪ್ಪನ ಪೆಟ್ಟಿಗೆಯಲ್ಲಿ ಆ ರೆಸಿಸ್ಟರ್ ಇತ್ತೋ, ಇದ್ದು ಸುಟ್ಟುಹೋಗಿತ್ತೋ, ಯಾರಿಗೆ ಗೊತ್ತು. ಬೆಸುಗೆ ಹಾಕುವಾಗೆಲ್ಲ ಅವ್ವ ಹಿತ್ತಿಲಿಗೆ ಹೋಗಿ ಕೂರುತ್ತಿದ್ದಳು, ಹೊಗೆಯ ವಾಸನೆ ಹೋದ ಮೇಲೆ ಬರುತ್ತಿದ್ದಳು, ಬಂದು ಮೊದಲು ನನ್ನ ಕೈ ನೋಡುತ್ತಿದ್ದಳು, ಮುಖವನ್ನಲ್ಲ, ಬೆರಳುಗಳನ್ನು.

ಈಗ. ಎಡಗೈ ಬೆನ್ನ ಹಿಂದೆ. ಪ್ಲಗ್ಗಿಗೂ ಪೆಟ್ಟಿಗೆಗೂ ನಡುವೆ ಹಳೆಯ ಕಾಲದ ಒಂದು ತಂತಿ ಬಲ್ಬು, ಒಳಗೆ ಏನಾದರೂ ತಪ್ಪಾಗಿದ್ದರೆ ಪೆಟ್ಟಿಗೆ ಸುಡುವ ಬದಲು ಬಲ್ಬು ಜೋರಾಗಿ ಉರಿದು ಹೇಳುತ್ತದೆ, ಬಲಗೈ ಸ್ವಿಚ್ಚಿಗೆ, ಅಡುಗೆಮನೆಯ ಬೆನ್ನು ಅಲ್ಲಾಡಲಿಲ್ಲ, ಹಾಕಿದೆ. ಬಲ್ಬು ಭಗ್ಗೆಂದಿತು, ಆಮೇಲೆ ಅದು ಮಂಕಾಯಿತು, ಮಂಕಾಗುವುದೇ ಸರಿ, ಮಂಕಾಗಲಿ, ಸಣ್ಣ ವಾಲ್ವಿನ ಒಳಗೆ ಒಂದು ಕೆಂಪು ಚುಕ್ಕಿ, ದೊಡ್ಡದರೊಳಗೆ ಒಂದು ಕಡ್ಡಿ ಕಿತ್ತಳೆಯಾಗುತ್ತ ಬಂತು, ಮೀಟರಿನ ಅಂಕಿಗಳು ಏರಿ ನಿಂತವು, ಸ್ವಿಚ್ಚು ಆರಿಸಿ ಬಲ್ಬು ತೆಗೆದು ಮತ್ತೆ ನೇರವಾಗಿ ಕರೆಂಟು ಕೊಟ್ಟೆ, ಮೇಜಿನ ಪಕ್ಕ ನೆಲದ ಮೇಲಿಟ್ಟ ಸ್ಪೀಕರಿನ ಕಾಗದಕ್ಕೆ ಬೆರಳು ತಾಗಿಸಿದರೆ ಹಸುವಿನ ಮೈಯ ಹಾಗೆ ಒಂದು ತೆಳ್ಳನೆಯ ಗುಂಯ್, ಬದುಕಿದೆ. ಮೈಕನ್ನು ಚುಚ್ಚಿ ಮೇಜಿನ ಮೇಲಿಟ್ಟೆ, ಗುಂಡಿ ತಿರುಗಿಸಿದೆ, ಏನೂ ಇಲ್ಲ, ಇನ್ನಷ್ಟು ತಿರುಗಿಸಿದೆ, ಏನೂ ಇಲ್ಲ, ಒಂದು ತಂತಿ ತಪ್ಪಿರಬೇಕು, ಎಲ್ಲಿ, ಎರಡು ಭಾಗ ಜೋಡಿಸಿದ ಕಡೆಯೇ ಇರಬೇಕು, ಮೇಷ್ಟ್ರಿಗೆ ಕಾಯಬೇಕಿತ್ತೇ, ಇಲ್ಲ, ಕಾಯಬೇಕಿರಲಿಲ್ಲ, ನಾನೇ ಹುಡುಕುತ್ತೇನೆ, ಇನ್ನಷ್ಟು ತಿರುಗಿಸಿದೆ — ಅವ್ವ ತಿರುಗಿದಳು. ಎರಡೂ ಕೈ ಕಿವಿಯ ಮೇಲೆ, ಬಾಯಿ ಇಷ್ಟಗಲ ತೆರೆದಿದೆ, ಕಣ್ಣು ಕಿರಿದಾಗಿದೆ, ಯಾಕೆ ಹೀಗೆ, ಕಿಟಕಿಯಾಚೆ ಮಂಗಳ ಓಡಿ ಬಂದು ನಿಂತಳು, ಅವಳ ಕೈಯೂ ಕಿವಿಯ ಮೇಲೆ, ನಾನು ಸ್ಪೀಕರಿನ ಕಡೆ ನೋಡಿದೆ, ಕಾಗದ ಕಾಣದಷ್ಟು ವೇಗವಾಗಿ ನಡುಗುತ್ತಿದೆ. ಕೂಗುತ್ತಿದೆ. ಮೈಕಿನ ಬಾಯಿ ಸ್ಪೀಕರಿನ ಕಡೆಗೇ ಇದೆ, ಅದು ಇದರ ದನಿ ನುಂಗಿ ಇದು ಅದರ ದನಿ ನುಂಗಿ ಕೀರಲಾಗಿ ಕೂಗುತ್ತಿದೆ, ಬೀದಿಗೆಲ್ಲ ಕೇಳುತ್ತಿದೆ, ನನಗೊಬ್ಬಳಿಗೆ ಬಿಟ್ಟು, ನನ್ನ ಪೆಟ್ಟಿಗೆಯ ಮೊದಲ ದನಿ ನನಗೇ ಕೇಳದ ದನಿ, ನಾನು ಗುಂಡಿಗೆ ಕೈ ಚಾಚುವಷ್ಟರಲ್ಲಿ ಅವ್ವ ಬಂದೇಬಿಟ್ಟಳು, ಇಷ್ಟು ದಿನ ಕಣ್ಣೆತ್ತಿ ನೋಡದಿದ್ದ ಮೇಜಿನ ಹತ್ತಿರಕ್ಕೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದಳು, ಮೈಕನ್ನು ಕಸಿದುಕೊಂಡಳು, ಅಂಗೈಯಲ್ಲಿ ಮುಚ್ಚಲಿಲ್ಲ, ಗೊತ್ತಿಲ್ಲದವರು ಮುಚ್ಚುತ್ತಾರೆ, ಮುಚ್ಚಿದರೆ ಇನ್ನೂ ಕೂಗುತ್ತದೆ, ಅದರ ಬಾಯನ್ನು ತನ್ನ ಕಡೆಗೆ ತಿರುಗಿಸಿಕೊಂಡು ಸರಸರ ನಡೆದು ಸ್ಪೀಕರಿನ ಬೆನ್ನ ಹಿಂದೆ ಹೋಗಿ ನಿಂತಳು. ಕಾಗದ ಸುಮ್ಮನಾಯಿತು. ಮಂಗಳ ಕಿವಿಯಿಂದ ಕೈ ತೆಗೆದಳು. ಅವ್ವ ಬೈಯಲು ಬಾಯಿ ತೆರೆದಳು, ಮೈಕು ಬಾಯಿಯ ಹತ್ತಿರವೇ ಇತ್ತು — ಮೈಕ್ನ ಬಾಯ ಆರ್ನಿನ ಮುಂದ್ಕ ಯಾರಾದ್ರೂ ಮಡಗ್ತಾರೆನೆ ಯಶೋದಿ, ನಿಮ್ಮಪ್ಪನ ಮಗ್ಳಾಗಿ ಇಷ್ಟೂ ಗೊತ್ತಾಗ್ನಿಲ್ವ ನಿಂಗ. ನೆಲದಿಂದ ಬಂತು. ಮೇಜಿನ ಕಾಲಿನಿಂದ, ನನ್ನ ಮೊಣಕೈಯಿಂದ, ಎದೆಯಿಂದ, ಬಲಗಿವಿಯಿಂದ, ಶಕಾರ ಬರಲಿಲ್ಲ, ಬೇಡ, ಯಶೋದಿ ಅನ್ನುವುದು ಯ ಓದಿ ಅಂತ ಬಂತು, ಆದರೆ ದನಿ ಬಂತು, ಅವ್ವನದೇ, ಹಲ್ಲಿಲ್ಲದ, ಗಾಳಿ ಸೋರುವ, ಸಿಟ್ಟಿನ ದನಿ, ಚುಚ್ಚದೆ, ಒಡೆಯದೆ, ಬಂತು. ಇನ್ನೊಂದ್ಸಲ ಬಯ್ಯಿ ಅಂದೆ. ಅವಳು ನನ್ನ ಮುಖ ನೋಡಿದಳು, ಕೈಯಲ್ಲಿದ್ದ ಮೈಕು ನೋಡಿದಳು, ಸ್ಪೀಕರು ನೋಡಿದಳು, ಅವಳಿಗೆ ತಿಳಿಯಿತು, ತಿಳಿಯುತ್ತ ಬಂದದ್ದು ನನಗೂ ಕಂಡಿತು, ಅವಳ ಗದ್ದ ಅಲುಗಿತು, ಅಳುತ್ತಾಳೆ ಅಂದುಕೊಂಡೆ, ಅಳಲಿಲ್ಲ, ಗುಂಡಿ ವಸಿ ಇಂದುಕ್ ತಿರುಗ್ಸು, ಜಾಸ್ತಿ ಆಯ್ತು, ಅಂದಳು ಮೈಕಿನೊಳಗೆ. ತಿರುಗಿಸಿದೆ. ಊಂ, ಈಗ ಸರಿ, ಅಂದಳು. ಈಗ ಸರಿ. ಅವಳ ಬಲಗೈ ನೋಡಿದೆ, ಮೈಕನ್ನು ಬಾಯಿಗೆ ತುಸು ಓರೆಯಾಗಿ ಹಿಡಿದಿದ್ದಾಳೆ, ಉಸಿರು ತಾಗದ ಹಾಗೆ, ತಂತಿ ಎಳೆದರೆ ಪ್ಲಗ್ಗು ಕಿತ್ತುಬರಬಾರದು ಅಂತ ಅದನ್ನು ಬೆರಳಿಗೆ ಒಂದು ಸುತ್ತು ಸುತ್ತಿಕೊಂಡಿದ್ದಾಳೆ, ಅವ್ವ ಮೈಕು ಹಿಡಿದದ್ದನ್ನು ನಾನು ಎಂದೂ ನೋಡಿಲ್ಲ, ಎಂದೂ, ಹೀಗೆ ಹಿಡಿಯುವುದು ಮೊದಲ ಸಲ ಹಿಡಿದವರಿಗೆ ಬರುವುದಿಲ್ಲ, ನಾನು ಹುಟ್ಟುವ ಮುಂಚೆ ಇರಬೇಕು, ಅವಳಿಗೆ ಎಲ್ಲ ಹಲ್ಲುಗಳಿದ್ದಾಗ, ಯಾವುದೋ ಚಪ್ಪರದಲ್ಲಿ, ಹಾರ್ನು ಕಟ್ಟಲು ಅಪ್ಪ ಮರದ ಮೇಲಿದ್ದಾಗ, ಕೆಳಗೆ ನಿಂತು ಅವನಿಗೆ ದನಿ ಕೊಡುತ್ತಿದ್ದವಳು ಇವಳೇ ಇರಬೇಕು, ಸೆರಗು ಸೊಂಟಕ್ಕೆ ಸಿಕ್ಕಿಸಿ, ತಂತಿ ಬೆರಳಿಗೆ, ಕೇಳಬೇಕು, ಈಗ ಕೇಳಬಹುದು, ಕೇಳುತ್ತೇನೆ — ತೋರುಬೆರಳಿಗೆ ಒಂದು ಸುತ್ತು, ಕಪ್ಪು ತಂತಿ, ಅದರ ಕೆಳಗೆ ಬೆಳ್ಳಗಾದ ಚರ್ಮ, ಒಂದು ಸುತ್ತು, ಬಿಗಿಯಾಗಿ, ಬೆರಳಿಗೆ ತಂತಿ